ಕರುಳು ಚುರ್ರೆನ್ನುವುದು ಬೇರೆ, ಕರುಣೆ ಬೇರೆ

ಪ್ರಶ್ನೆ: ನನಗೆ 52 ವರ್ಷ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ, ಸ್ವಲ್ಪ ಅಡಕೆ ತೋಟ ಉಂಟು. ಅತ್ತೆ ಸ್ಟ್ರೋಕ್ ಆಗಿ ಮೂರು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ನೋಡಿಕೊಳ್ಳುವುದು ನಾನೇ. ಅವರು ನರಳಿದರೆ ನನಗೇ ಎದೆ ಹಿಂಡಿದ ಹಾಗಾಗುತ್ತದೆ. ಕೆಲವು ಸಲ ಸಿಟ್ಟು ಬಂದು ಗದರಿಬಿಡುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ನಿದ್ದೆ ಸರಿ ಇಲ್ಲ, ಸೊಂಟನೋವು ಉಂಟು, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿಗೆ ಧ್ಯಾನದ ಆ್ಯಪ್ ಹಾಕಿಕೊಟ್ಟು, ‘ಕರುಣೆಯ ಧ್ಯಾನ ಮಾಡಮ್ಮ, ವಿಜ್ಞಾನಿಗಳೇ ಹೇಳಿದ್ದಾರೆ’ ಅನ್ನುತ್ತಾಳೆ. ಇದ್ದ ಕರುಣೆಯೇ ಜಾಸ್ತಿಯಾಗಿ ಹೀಗಾಗಿದೆ. ಇನ್ನೂ ಹೆಚ್ಚಿಸಿಕೊಂಡರೆ ನನ್ನ ಗತಿ ಏನು? ಇದರಲ್ಲಿ ನಿಜ ಎಷ್ಟು? ಮಾತ್ರೆ ಬಿಡಬಹುದಾ?

ಉತ್ತರ: ಮಾತ್ರೆ ಬಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಮಾತಾಡೋಣ.

‘ಇದ್ದ ಕರುಣೆಯೇ ಜಾಸ್ತಿಯಾಗಿ ಹೀಗಾಗಿದೆ’ ಅಂತ ಬರೆದಿದ್ದೀರಲ್ಲ ಅಕ್ಕಾ, ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಧ್ಯಾನದ ಬಗ್ಗೆ ನನಗೆ ಬರೆಯುವವರು ಸಾಮಾನ್ಯವಾಗಿ ಮನಸ್ಸು ನಿಲ್ಲುವುದಿಲ್ಲ, ಕಾಲು ಜೋಮು ಹಿಡಿಯುತ್ತದೆ ಅಂತ ಬರೆಯುತ್ತಾರೆ. ನಿಮ್ಮ ಸಂಶಯ ಅದಕ್ಕಿಂತ ಆಳದ್ದು. ಮೆದುಳಿನ ವಿಜ್ಞಾನಿಗಳಿಗೂ ಇದೇ ಸಂಶಯ ಬಂದಿತ್ತು.

ಟಾನಿಯಾ ಸಿಂಗರ್ ಎಂಬ ಜರ್ಮನಿಯ ಸಂಶೋಧಕಿ 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 16 ಜೋಡಿಗಳು. ಹೆಂಗಸು ಸ್ಕ್ಯಾನಿಂಗ್ ಯಂತ್ರದೊಳಗೆ, ಅವಳ ಗಂಡ ಅಥವಾ ಗೆಳೆಯ ಪಕ್ಕದಲ್ಲಿ. ಒಮ್ಮೆ ಇವಳ ಕೈಗೆ ಸಣ್ಣ ಶಾಕ್, ಇನ್ನೊಮ್ಮೆ ಅವನ ಕೈಗೆ. ಅವನಿಗೆ ಶಾಕ್ ಕೊಟ್ಟಾಗಲೂ ಇವಳ ಮೆದುಳಿನಲ್ಲಿ, ತನಗೇ ನೋವಾದಾಗ ಕೆಲಸ ಮಾಡುವ ಕೆಲವು ಜಾಗಗಳು ಎಚ್ಚರಗೊಂಡವು. ಕರುಳು ಚುರ್ ಅಂತು ಅನ್ನುತ್ತೇವಲ್ಲ, ಅದು ಬರೀ ಮಾತಿನ ಅಲಂಕಾರ ಅಲ್ಲ. ಬೇರೆಯವರ ನೋವು ನಮ್ಮೊಳಗೂ ಅರ್ಧಂಬರ್ಧ ನೋವಾಗಿಯೇ ಇಳಿಯುತ್ತದೆ.

ಹಾಗಾದರೆ ವರ್ಷಗಟ್ಟಲೆ ಕರುಣೆಯ ಧ್ಯಾನ ಮಾಡಿದವರಿಗೆ ಇದು ಇನ್ನೂ ಜೋರಾಗಿ ಆಗಬೇಕು, ಅಲ್ವಾ? 2007ರಲ್ಲಿ ಅದೇ ಸಂಶೋಧಕಿ ಮತಿಯೂ ರಿಕಾರ್ ಎಂಬ ಬೌದ್ಧ ಭಿಕ್ಷುವನ್ನು ಯಂತ್ರದೊಳಗೆ ಮಲಗಿಸಿದರು. ಫ್ರಾನ್ಸಿನವರು, ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಆಮೇಲೆ ಹಿಮಾಲಯದ ದಾರಿ ಹಿಡಿದವರು. ಅವರು ಕರುಣೆಯ ಧ್ಯಾನದಲ್ಲಿ ಕುಳಿತರು (ಮಲಗಿದರು ಅನ್ನಬೇಕೇನೋ). ತೆರೆಯ ಮೇಲೆ ಮೂಡಿದ್ದು ಅಂದುಕೊಂಡ ಚಿತ್ರ ಅಲ್ಲವೇ ಅಲ್ಲ. ನೋವಿನ ಜಾಗಗಳ ಬದಲು ಪ್ರೀತಿ, ಅಕ್ಕರೆಗೆ ಸಂಬಂಧಿಸಿದ ಜಾಗಗಳು ಬೆಳಗುತ್ತಿದ್ದವು. ಆಮೇಲೆ, ಕರುಣೆಯನ್ನು ಪಕ್ಕಕ್ಕಿಟ್ಟು ಸುಮ್ನೆ ನೋವನ್ನಷ್ಟೇ ಒಳಗೆ ತೆಗೆದುಕೊಳ್ಳಿ ಅಂತ ಕೇಳಿಕೊಂಡರು. ಹಿಂದಿನ ರಾತ್ರಿ ಅವರು ರುಮೇನಿಯಾದ ಅನಾಥ ಮಕ್ಕಳ ಸಾಕ್ಷ್ಯಚಿತ್ರ ನೋಡಿದ್ದರು. ಆ ಮಕ್ಕಳ ನೋವನ್ನೇ ಮನಸ್ಸಿಗೆ ತಂದುಕೊಂಡರು. ಈಗ ನೋವಿನ ಜಾಗಗಳು ಎದ್ದವು. ಸ್ವಲ್ಪ ಹೊತ್ತಿನಲ್ಲೇ ಆ ಮನುಷ್ಯನಿಗೆ ಸುಸ್ತು, ತಡೆಯಲಾಗದ ಸಂಕಟ. ಮತ್ತೆ ಕರುಣೆಗೆ ಮರಳಿದಾಗ ಹಗುರಾಯಿತು.

ಒಬ್ಬ ಭಿಕ್ಷುವಿನಿಂದ ಏನೂ ಸಾಬೀತಾಗುವುದಿಲ್ಲ. ಹಾಗಾಗಿ ಅದೇ ಗುಂಪಿನ ಓಲ್ಗಾ ಕ್ಲಿಮೆಕಿ ಮತ್ತು ಜತೆಗಾರರು ಧ್ಯಾನದ ಗಂಧಗಾಳಿ ಇಲ್ಲದ ಸಾಮಾನ್ಯ ಹೆಂಗಸರನ್ನು ಕರೆದರು. ಮೊದಲು ಇನ್ನೊಬ್ಬರ ನೋವನ್ನು ತನ್ನದಾಗಿಸಿಕೊಳ್ಳುವ ತರಬೇತಿ. ಕಷ್ಟದಲ್ಲಿರುವ ಜನರ ವಿಡಿಯೋ ತೋರಿಸಿದರೆ ಅವರ ಸಂಕಟ ಮೊದಲಿಗಿಂತ ಜಾಸ್ತಿಯಾಯಿತು. ಆಮೇಲೆ ಅವರಿಗೇ ಕರುಣೆಯ ತರಬೇತಿ ಕೊಟ್ಟರು. ಸಂಕಟ ಇಳಿಯಿತು, ಬೆಚ್ಚಗಿನ ಭಾವನೆಗಳು ಏರಿದವು. ವಿಡಿಯೋಗಳು ಮತ್ತೂ ಅಂಥವೇ. 2014ರಲ್ಲಿ ಪ್ರಕಟವಾದದ್ದು ಇದು. ಧ್ಯಾನದ ಮೇಲೆ ನಡೆದ ಅಧ್ಯಯನಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ, ಏಕೆಂದರೆ ರೋಗಿಯನ್ನು ನೋಡಿಕೊಳ್ಳುವವರ ಬಗ್ಗೆ ನಾವು ಹೇಳುತ್ತಿದ್ದ ಒಂದು ಸುಳ್ಳನ್ನು ಇದು ಬಯಲು ಮಾಡಿತು. ‘ಕರುಣೆ ಜಾಸ್ತಿಯಾಗಿ ದಣಿದಿದ್ದಾರೆ’ ಅನ್ನುತ್ತಿದ್ದೆವು. ದಣಿಸುವುದು ಕರುಣೆ ಅಲ್ಲವೇ ಅಲ್ಲ. ನೋವಿನ ಪ್ರತಿಧ್ವನಿ ದಣಿಸುತ್ತದೆ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಪುಸ್ತಕದಿಂದ ಅಲ್ಲ ಅಂತ ಹೇಳಿದರೆ ನೀವು ನಂಬಬೇಕು. ನಿಮ್ಮ ಎಣ್ಮಕಜೆ ಕಡೆಯದೇ ಒಂದು ಮನೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, ಆಮೇಲೆ ಕಂಡ ಕಾಯಿಲೆ, ಅಂಗವೈಕಲ್ಯಗಳ ಕತೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜಗಲಿಯಲ್ಲಿ ಚಾಪೆ ಹಾಸಿ ಮಗನನ್ನು ಮಲಗಿಸಿದ್ದರು. ಮಗ ಅಂದರೆ ಮೂವತ್ತು ದಾಟಿದವನು, ಮಾತಿಲ್ಲ, ಕೈಬೆರಳುಗಳು ಮಡಚಿಕೊಂಡಿದ್ದವು. ತಾಯಿ ಉಗುರು ಕತ್ತರಿಸುತ್ತಿದ್ದರು. ಒಂದೊಂದೇ ಬೆರಳನ್ನು ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕಟ್ಟರಿನ ಬಾಯಿಯನ್ನು ಓರೆಯಾಗಿಟ್ಟು, ಚರ್ಮ ಸಿಕ್ಕದ ಹಾಗೆ. ಅವನು ಜೋರಾಗಿ ಕೂಗುತ್ತಿದ್ದ. ನನಗೆ ಅಲ್ಲಿ ನಿಲ್ಲಲಿಕ್ಕೆ ಆಗಲಿಲ್ಲ, ಅಂಗಳಕ್ಕೆ ಇಳಿದೆ. ಅವರ ಕೈ ನಡುಗಲಿಲ್ಲ. ಹತ್ತೂ ಬೆರಳು ಮುಗಿಸಿ ಬಂದರು. ನಿಮಗೆ ಹೇಗೆ ತಡೆಯಲಿಕ್ಕೆ ಆಗುತ್ತದೆ ಅಂತ ಕೇಳಿದೆ. ‘ಮೊದಲು ಅವ ಅತ್ತರೆ ನಾನೂ ಅಳ್ತಾ ಇದ್ದೆ ಡಾಕ್ಟ್ರೇ, ಆಗ ಬೆರಳು ಕತ್ತರಿಸಿ ರಕ್ತ ಬರ್ತಿತ್ತು. ಈಗ ಉಗುರು ನೋಡ್ತೇನೆ’ ಅಂದರು.

ಆ ಸ್ಕ್ಯಾನಿಂಗ್ ಯಂತ್ರ ಹೇಳಿದ್ದೂ ಇದನ್ನೇ. ಅವನ ಕೂಗಿನಲ್ಲಿ ಮುಳುಗಿದರೆ ಕೈ ನಡುಗುತ್ತದೆ. ಅವನಿಗೆ ಈಗ ಏನು ಬೇಕು ಅನ್ನುವಲ್ಲಿ ಮನಸ್ಸಿಟ್ಟರೆ ಕೈ ಗಟ್ಟಿಯಾಗುತ್ತದೆ. ಆ ತಾಯಿಗೆ ಅದು ಬರಲು ಎಷ್ಟೋ ವರ್ಷ ಬೇಕಾಯಿತು, ಯಾರೂ ಹೇಳಿಕೊಡಲಿಲ್ಲ. ಕಲಿಸಿಕೊಡಬಹುದಾದ ಸಂಗತಿ ಇದು ಅನ್ನುವುದಷ್ಟೇ ಹೊಸ ವಿಷಯ.

ಕಲಿತದ್ದು ಕೂತ ಜಾಗ ಬಿಟ್ಟು ಹೊರಗೂ ಬರುತ್ತದಾ? ಅಮೆರಿಕದ ಬಾಸ್ಟನ್‌ನಲ್ಲಿ ಡೇವಿಡ್ ಡೆಸ್ಟೆನೋ ಅವರ ತಂಡ ಒಂದು ಸಣ್ಣ ನಾಟಕ ಹೂಡಿತು. ಕಾಯುವ ಕೋಣೆಯಲ್ಲಿ ಮೂರೇ ಕುರ್ಚಿ. ಎರಡರಲ್ಲಿ ಇವರದೇ ಜನ. ಮೂರನೆಯದರಲ್ಲಿ ಎಂಟು ವಾರ ಧ್ಯಾನ ಕಲಿತವರೋ, ಇನ್ನೂ ಕಲಿಯದವರೋ ಬಂದು ಕೂರುತ್ತಾರೆ. ಆಗ ಊರುಗೋಲು ಊರಿಕೊಂಡು ಒಬ್ಬಳು ಒಳಗೆ ಬಂದು ಗೋಡೆಗೆ ಒರಗಿ ನರಳುತ್ತಾಳೆ. ಇವರದೇ ಜನ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಕಾಸರಗೋಡಿನ ಬಸ್ಸಿನಲ್ಲಿ ನಾವು ದಿನಾ ನೋಡುವ ದೃಶ್ಯ. ಕಲಿಯದವರಲ್ಲಿ 100ಕ್ಕೆ 16 ಜನ ಎದ್ದು ಜಾಗ ಬಿಟ್ಟರು, ಕಲಿತವರಲ್ಲಿ 50 ಜನ. 2013ರಲ್ಲಿ ಬಂದ ಈ ಪ್ರಯೋಗದಲ್ಲಿ ಇದ್ದವರು ಒಟ್ಟು 39 ಮಂದಿ ಮಾತ್ರ, ಅದನ್ನೂ ಹೇಳಬೇಕು. ಇಷ್ಟು ಸಣ್ಣ ಲೆಕ್ಕವನ್ನು ನಂಬಿ ಊರೆಲ್ಲ ಡಂಗುರ ಸಾರುವ ಹಾಗಿಲ್ಲ.

ದೊಡ್ಡ ಮಟ್ಟದಲ್ಲಿ ನಡೆದದ್ದು ಲೈಪ್‌ಜಿಗ್ ಮತ್ತು ಬರ್ಲಿನ್‌ನಲ್ಲಿ, ಮತ್ತೆ ಸಿಂಗರ್ ಅವರದೇ. ಮುನ್ನೂರಕ್ಕೂ ಮಿಕ್ಕಿ ಜನ. ಮೂರು ತಿಂಗಳು ಬರೀ ಗಮನ: ಉಸಿರು, ದೇಹ. ಇನ್ನೊಂದು ಮೂರು ತಿಂಗಳು ಅಕ್ಕರೆ, ಕರುಣೆ. ಮತ್ತೊಂದು ಮೂರು ತಿಂಗಳು ಇನ್ನೊಬ್ಬರ ದೃಷ್ಟಿಯಿಂದ ನೋಡುವುದು. ಬೇರೆ ಬೇರೆ ಹಂತದಲ್ಲಿ ಅವರನ್ನು ಗಂಟುಮುಖದ ಪರೀಕ್ಷಕರ ಮುಂದೆ ನಿಲ್ಲಿಸಿ ಸಂದರ್ಶನ ಮಾಡಿದರು, ಬಾಯಿಲೆಕ್ಕ ಹಾಕಿಸಿದರು. ಬರೀ ಉಸಿರಿನ ಧ್ಯಾನ ಮಾಡಿದವರು ‘ನನಗೆ ಟೆನ್ಶನ್ ಕಮ್ಮಿಯಾಯಿತು’ ಅಂದರು, ಆದರೆ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಅವರಲ್ಲಿ ಎಂದಿನಷ್ಟೇ ಏರಿತು. ಉಳಿದ ಎರಡು ಬಗೆಯ ತರಬೇತಿ ಆದವರಲ್ಲಿ ಆ ಏರಿಕೆಯೇ ಅರ್ಧದಷ್ಟು ತಗ್ಗಿತು. ಆ ಎರಡರಲ್ಲೂ ಒಂದು ಕೆಲಸ ಇತ್ತು: ದಿನಾ ಹತ್ತು ನಿಮಿಷ ಇಬ್ಬರು ಕೂತು, ಒಬ್ಬರು ಮಾತಾಡುವುದು, ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳುವುದು. ಇದನ್ನು ಓದಿದಾಗ ನನಗೆ ನಮ್ಮ ಹಿತ್ತಿಲ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದ ಹೆಂಗಸರ ನೆನಪಾಯಿತು. ಈಗ ಬೇಲಿಯ ಬದಲು ಕಾಂಪೌಂಡ್ ಗೋಡೆ ಬಂದಿದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬದಿಯನ್ನೂ ತೋರಿಸಬೇಕು. 2014ರಲ್ಲಿ ಅಮೆರಿಕದಲ್ಲಿ 47 ಪ್ರಯೋಗಗಳನ್ನು, ಅಂದರೆ 3,515 ಜನರ ಲೆಕ್ಕವನ್ನು ಒಟ್ಟಿಗೆ ಹಾಕಿ ಜರಡಿ ಹಿಡಿದರು. ಆತಂಕ, ಖಿನ್ನತೆ, ನೋವು ಈ ಮೂರಕ್ಕೆ ಧ್ಯಾನದಿಂದ ಸಾಧಾರಣ ಮಟ್ಟದ ಪ್ರಯೋಜನ ಕಂಡಿತು. ವ್ಯಾಯಾಮ, ಔಷಧ ಇತ್ಯಾದಿಗಳಿಗಿಂತ ಧ್ಯಾನ ಮೇಲು ಅನ್ನಲಿಕ್ಕೆ ಆಧಾರ ಸಿಗಲಿಲ್ಲ. ನಿದ್ದೆಗೂ ಹೇಳಿಕೊಳ್ಳುವ ಆಧಾರ ಇರಲಿಲ್ಲ. ‘ಎಂಟು ವಾರದಲ್ಲಿ ಮೆದುಳಿನ ಆಕಾರವೇ ಬದಲಾಗುತ್ತದೆ’ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದರ ಬುಡ 2011ರ ಒಂದು ಅಧ್ಯಯನ. ಧ್ಯಾನ ಕಲಿತವರು ಅದರಲ್ಲಿ 16 ಜನ. 2022ರಲ್ಲಿ ರಿಚರ್ಡ್ ಡೇವಿಡ್‌ಸನ್ ಅವರ ತಂಡ 200ಕ್ಕೂ ಹೆಚ್ಚು ಜನರಲ್ಲಿ ಅದನ್ನೇ ಹುಡುಕಿದಾಗ ಅಂಥ ಬದಲಾವಣೆ ಸಿಗಲಿಲ್ಲ. ಧ್ಯಾನ ಮತ್ತು ಮೆದುಳಿನ ವಿಷಯದಲ್ಲಿ ಜಗತ್ತಿನಲ್ಲೇ ದೊಡ್ಡ ಹೆಸರು ಅವರದು. ಸಿಗಲಿಲ್ಲ ಅಂತ ಅವರೇ ಬರೆದದ್ದು ನನಗೆ ಮೆಚ್ಚುಗೆಯಾಯಿತು.

ಇನ್ನು ನಿಮ್ಮ ಮೈಯ ವಿಷಯ. ಬಿಪಿಗೆ ಬರೋಣ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2017ರಲ್ಲಿ ಹೇಳಿದ್ದು ಇಷ್ಟೇ: ಧ್ಯಾನವನ್ನು ಚಿಕಿತ್ಸೆಯ ಜತೆಗೆ ಸೇರಿಸಿಕೊಳ್ಳಬಹುದು, ಚಿಕಿತ್ಸೆ ಬಿಟ್ಟು ಅದನ್ನು ಹಿಡಿಯಬಾರದು. ಹಾಗಾಗಿಯೇ ಮೊದಲ ಸಾಲಿನಲ್ಲೇ ಮಾತ್ರೆಯ ಮಾತು ಹೇಳಿದ್ದು. ನಿಧಾನ ಉಸಿರಾಟದಿಂದ ಹೃದಯದ ಬಡಿತ, ರಕ್ತದೊತ್ತಡ ಹದಕ್ಕೆ ಬರುವುದಂತೂ ಉಂಟು. ಇಟಲಿಯ ಲೂಚಿಯಾನೋ ಬೆರ್ನಾರ್ದಿ 2001ರಲ್ಲಿ 23 ಜನರನ್ನು ಕೂರಿಸಿ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆ ಹೇಳಿಸಿದರು, ಆಮೇಲೆ ‘ಓಂ ಮಣಿ ಪದ್ಮೇ ಹೂಂ’ ಹೇಳಿಸಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಸುಮಾರಿಗೆ ಇಳಿಯಿತು, ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ಏರ್ಪಾಡು ಚುರುಕಾಯಿತು. ಹಾಗಾಗಿ ನೀವು ಸಂಜೆ ದೀಪ ಹಚ್ಚಿ ಭಜನೆ ಹೇಳುವವರಾದರೆ, ನಿಮ್ಮ ನೆರೆಯವರು ಜಪಸರ ಎಣಿಸುವವರಾದರೆ, ಅರ್ಧ ಕೆಲಸ ಆಗಲೇ ನಡೆಯುತ್ತಿದೆ. ಅದನ್ನು ಬಿಟ್ಟು ಆ್ಯಪ್ ಹಿಡಿಯಬೇಕೆಂದಿಲ್ಲ.

ಸೊಂಟನೋವಿಗೆ ಇನ್ನೂ ಒಳ್ಳೆಯ ಸುದ್ದಿ ಉಂಟು. 342 ಜನರ ಒಂದು ಅಧ್ಯಯನದಲ್ಲಿ (2016), ಎಂಟು ವಾರದ ಧ್ಯಾನ ಮತ್ತು ಹಗುರ ಯೋಗ ಕಲಿತವರಲ್ಲಿ 100ಕ್ಕೆ 60ರಷ್ಟು ಜನರಿಗೆ ಆರು ತಿಂಗಳ ಮೇಲೆ ಓಡಾಟ, ಕೆಲಸ ಗಣನೀಯವಾಗಿ ಸುಲಭವಾಗಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ 44. ಆದರೆ ಅತ್ತೆಯನ್ನು ಒಬ್ಬರೇ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರೆ ಯಾವ ಧ್ಯಾನವೂ ನಿಮ್ಮ ಸೊಂಟವನ್ನು ಕಾಯುವುದಿಲ್ಲ. ಅಡಿಯಲ್ಲಿ ಮಡಚಿದ ಬೆಡ್‌ಶೀಟ್ ಹಾಕಿ, ಅದನ್ನು ಎಳೆದು ಮಗ್ಗುಲು ತಿರುಗಿಸುವ ಕ್ರಮವನ್ನು, ಹಾಸಿಗೆ ಹಿಡಿದವರನ್ನು ನೋಡಲು ಮನೆಗೆ ಬರುವ ಪ್ಯಾಲಿಯೇಟಿವ್ ನರ್ಸ್ ಹತ್ತಿರ ಕೇಳಿ ಕಲಿಯಿರಿ.

ನಿದ್ದೆ? ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವವರಿಗೆ ನಿದ್ದೆ ಸಾಲದಿರುವುದು ಕಾಯಿಲೆ ಅಲ್ಲ, ಬರೀ ಲೆಕ್ಕ. ವಾರಕ್ಕೆ ಎರಡು ರಾತ್ರಿಯಾದರೂ ಆ ಪಾಳಿ ಬೇರೆ ಯಾರಾದರೂ ಮಾಡಲಿ. ಗಂಡಸರಿಗೂ ಇದು ಬರುತ್ತದೆ. ನಿಮ್ಮ ಪತ್ರದಲ್ಲಿ ನಿಮ್ಮ ಯಜಮಾನರ ಸುದ್ದಿಯೇ ಇಲ್ಲ ನೋಡಿ. ಮತ್ತೆ ನಿಮ್ಮ ಪ್ರಾಯಕ್ಕೆ ಮುಟ್ಟು ನಿಲ್ಲುವ ಹೊತ್ತಿನ ಸಿಟ್ಟು, ಬೆವರು, ನಿದ್ದೆಗೇಡು ಕೂಡ ಇರಬಹುದು. ಥೈರಾಯ್ಡ್, ಸಕ್ಕರೆ ಒಮ್ಮೆ ನೋಡಿಸಿ.

ಈಗ ಮಾಡುವ ಕ್ರಮ. ಕರುಣೆಯ ಧ್ಯಾನ ಅಂದರೆ ಕಣ್ಣು ಮುಚ್ಚಿ ಅತ್ತೆಯ ನೋವನ್ನು ಇನ್ನಷ್ಟು ನೆನೆಯುವುದು ಅಂತ ನೀವು ತಿಳಿದ ಹಾಗೆ ಕಾಣುತ್ತದೆ. ಹಾಗೆ ಮಾಡಿದರೆ ನಿಮ್ಮ ಹೆದರಿಕೆ ನಿಜವೇ ಆದೀತು. ಅತ್ತೆಯಿಂದ ಶುರು ಮಾಡಲೇಬೇಡಿ. ನೆನೆಸಿದ ಕೂಡಲೇ ಮುಖದಲ್ಲಿ ನಗು ಬರುವ ಒಂದು ಜೀವವನ್ನು ಆರಿಸಿ. ಹಟ್ಟಿಯ ಕರು ಆದರೂ ಆದೀತು. ತೋಟದಲ್ಲಿ ನೀರಿಗಾಗಿ ಕೊರೆದ ಸುರಂಗ ಇದ್ದರೆ ಅದರ ಬಾಯಿ ಒಳ್ಳೆಯ ಜಾಗ. ಮುರಕಲ್ಲಿನ ಒಳಗಿನಿಂದ ದಂಬೆಯಲ್ಲಿ ಹರಿದು ಬರುವ ನೀರು ಹೊಂಡಕ್ಕೆ ಬೀಳುವ ಶಬ್ದ ಕೇಳುತ್ತ ಎರಡು ನಿಮಿಷ ಕೂತರೆ ಉಸಿರು ತಾನೇ ಇಳಿಯುತ್ತದೆ. ಆಮೇಲೆ ಆ ಕರುವನ್ನೋ ಮೊಮ್ಮಗುವನ್ನೋ ನೆನೆದು, ‘ನಿನಗೆ ಒಳ್ಳೆಯದಾಗಲಿ, ನಿನಗೆ ನೋವು ಬಾರದಿರಲಿ’ ಅಂತ ಮನಸ್ಸಿನಲ್ಲೇ ನಾಲ್ಕೈದು ಸಲ ಹೇಳಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರೋ ಅದರಲ್ಲೇ ಹೇಳಿ. ಮದ್ದಿನ ಚೀಟಿ ಮಲಯಾಳದಲ್ಲಿ, ಆ್ಯಪ್ ಇಂಗ್ಲಿಷಿನಲ್ಲಿ, ಹಾರೈಕೆಯಾದರೂ ತಾಯಿಭಾಷೆಯಲ್ಲಿ ಇರಲಿ. ಆಮೇಲೆ ಅದೇ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳಿ. ನಾಚಿಕೆಯಾಗುತ್ತದೆ. ಎಲ್ಲರಿಗೂ ಆಗುತ್ತದೆ. ತಮ್ಮ ಮೇಲೆ ತಾವೇ ದಯೆ ತೋರುವುದನ್ನು 2003ರಿಂದ ಅಳೆದು ನೋಡುತ್ತ ಬಂದಿರುವ ಕ್ರಿಸ್ಟಿನ್ ನೆಫ್ ಅವರ ಕೆಲಸದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ: ಗೆಳತಿಗೆ ಹೇಳುವ ಸಮಾಧಾನದ ಮಾತನ್ನು ನಾವು ನಮಗೆ ಹೇಳಿಕೊಳ್ಳುವುದಿಲ್ಲ. ಬಚ್ಚಲಿನಲ್ಲಿ ಅಳುವಾಗ ನೀವು ನಿಮಗೆ ಏನು ಹೇಳಿಕೊಳ್ಳುತ್ತೀರಿ? ನಿಮ್ಮ ಮಗಳು ಹಾಗೆ ಅಳುತ್ತಿದ್ದರೆ ಅವಳಿಗೆ ಅದನ್ನೇ ಹೇಳುತ್ತಿದ್ದಿರಾ?

ಒಂದೆರಡು ವಾರದ ಮೇಲೆ ಹಾಲಿನ ಸೊಸೈಟಿಯಲ್ಲಿ ಮುಖಪರಿಚಯ ಮಾತ್ರ ಇರುವ ಒಬ್ಬರಿಗೆ ಅದೇ ಹಾರೈಕೆ. ಅತ್ತೆ ಕೊನೆಗೆ. ಅವರು ಗಟ್ಟಿಮುಟ್ಟಾಗಿದ್ದಾಗ ನಿಮ್ಮ ಜತೆ ಹೇಗಿದ್ದರು ಅಂತ ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಹಳೆಯ ಸಿಟ್ಟು ಇದ್ದರೆ ಅದು ಈ ಹೊತ್ತಿನಲ್ಲಿ ಮೇಲೆ ಬರಬಹುದು. ಬರಲಿ. ನೋವು ಕಡಿಮೆಯಾಗಲಿ ಅಂತ ಹಾರೈಸಲು ಅವರನ್ನು ಇಷ್ಟಪಡಬೇಕೆಂದೇನೂ ಇಲ್ಲ.

ಇಷ್ಟಕ್ಕೂ ಪುರುಸೊತ್ತಿಲ್ಲದ ದಿನ, ಬೆಳಿಗ್ಗೆ ಮಗ್ಗುಲು ತಿರುಗಿಸುವ ಮೊದಲು ಮಂಚದ ಪಕ್ಕ ಸುಮ್ನೆ ನಿಲ್ಲಿ. ಪಾದ ನೆಲಕ್ಕೆ ತಾಗಿದ್ದು ಗೊತ್ತಾಗಲಿ. ಮೂರು ಉಸಿರು, ಬಿಡುವ ಉಸಿರು ಉದ್ದವಾಗಿ. ‘ಇವರಿಗೆ ಈಗ ಏನು ಬೇಕು’ ಅಂತ ಕೇಳಿಕೊಂಡು ಕೈ ಹಾಕಿ. ನರಳುವುದು ಕೇಳಿಸುತ್ತದೆ, ಕೇಳಿಸಲಿ. ಕಣ್ಣು ಬೆನ್ನಿನ ಚರ್ಮದ ಮೇಲಿರಲಿ: ಎಲ್ಲಿ ಕೆಂಪಾಗಿದೆ, ಎಲ್ಲಿ ಒದ್ದೆ ಉಳಿದಿದೆ.

ಎಲ್ಲರಿಗೂ ಇದು ಒಗ್ಗುತ್ತದೆ ಅಂತ ಹೇಳಲಾರೆ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಧ್ಯಾನ ಮಾಡಿದವರಲ್ಲಿ 100ಕ್ಕೆ 8ರಷ್ಟು ಜನರಿಗೆ ಆತಂಕ, ಬೇಸರದಂಥ ತೊಂದರೆ ಕಾಣಿಸಿಕೊಂಡಿತ್ತು. ಇದು ನನಗೇ ಆಗಿದೆ. ಚಿಕ್ಕಪ್ರಾಯದಲ್ಲಿ ಹುಮ್ಮಸ್ಸಿನಿಂದ ಒಂದು ಮೌನ ಶಿಬಿರಕ್ಕೆ ಹೋಗಿದ್ದೆ. ಮೂರನೆಯ ದಿನ ಎದೆ ಡವಗುಟ್ಟಲು ಶುರುವಾಗಿ, ಚೀಲ ಹೆಗಲಿಗೆ ಹಾಕಿ ಸಿಕ್ಕಿದ ಬಸ್ ಹತ್ತಿ ಮನೆಗೆ ಬಂದೆ. ಅದಕ್ಕೇ ನಿಮಗೆ ದಿನಕ್ಕೆ ಹತ್ತು ನಿಮಿಷ ಸಾಕು ಅನ್ನುತ್ತೇನೆ. ಕಣ್ಣು ಮುಚ್ಚಿದಾಗ ಸಂಕಟ ಏರುತ್ತಿದ್ದರೆ ಕಣ್ಣು ತೆರೆದೇ ಇರಿ, ಇಲ್ಲವಾದರೆ ಎದ್ದು ತೋಟದಲ್ಲಿ ನಾಲ್ಕು ಹೆಜ್ಜೆ ಹಾಕಿ.

ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ, ಅಥವಾ ಅತ್ತೆಗೆ ಏನಾದರೂ ಮಾಡಿಬಿಡುತ್ತೇನೋ ಅಂತ ಹೆದರಿಕೆಯಾಗುತ್ತದೆ ಅಂತಾದರೆ ಧ್ಯಾನ ಪಕ್ಕಕ್ಕಿರಲಿ, ವೈದ್ಯರನ್ನು ನೋಡಿ. ಇಂಥ ಯೋಚನೆ ಬರುವುದು ನೀವು ಕೆಟ್ಟವರು ಅಂತ ಅಲ್ಲ, ನಿಮ್ಮ ಕೈ ಸೋತಿದೆ ಅಂತ. 14416ಕ್ಕೆ ಫೋನ್ ಮಾಡಬಹುದು. ಸರಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು.

ನಿಮ್ಮ ಮಗಳಿಗೆ ಈ ಉತ್ತರ ತೋರಿಸಿ. ಆ್ಯಪ್ ಹಾಕಿಕೊಟ್ಟದ್ದು ಒಳ್ಳೆಯದೇ. ಆದರೆ ಅಮ್ಮನಿಗೆ ಧ್ಯಾನ ಹೇಳಿಕೊಟ್ಟು ಮನೆಯವರೆಲ್ಲ ಕೈ ತೊಳೆದುಕೊಂಡರೆ ಅದು ಕರುಣೆಯ ಲೆಕ್ಕಕ್ಕೆ ಬರುವುದಿಲ್ಲ. ಅವಳು ದಿನಾ ಹತ್ತು ನಿಮಿಷ ಫೋನ್ ಮಾಡಿ, ಸಲಹೆ ಕೊಡದೆ, ನಿಮ್ಮ ಮಾತು ಕೇಳಲಿ. ಲೈಪ್‌ಜಿಗ್‌ನಲ್ಲಿ ಮಾಡಿದ್ದೂ ಅದನ್ನೇ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ಕೇರಳದಲ್ಲಿ ಆಶ್ವಾಸಕಿರಣಂ ಅಂತ ಯೋಜನೆ ಉಂಟು, ನಿಮ್ಮ ವಿಷಯದಲ್ಲಿ ಹೇಗೆ ಅಂತ ಪಂಚಾಯತಿನಲ್ಲಿ ವಿಚಾರಿಸಿ.

ಅಂದ ಹಾಗೆ, ಬಿಪಿ ಮಾತ್ರೆಯ ಸುದ್ದಿ ಬರೆದಿರಿ, ಬಿಪಿ ಎಷ್ಟು ಅಂತ ಬರೆಯಲಿಲ್ಲ. ಮುಂದಿನ ಸಲ ಪ್ಯಾಲಿಯೇಟಿವ್ ನರ್ಸ್ ಬಂದಾಗ ಅತ್ತೆಯದು ನೋಡಿದ ಮೇಲೆ ಆ ಪಟ್ಟಿಯನ್ನು ನಿಮ್ಮ ತೋಳಿಗೂ ಒಮ್ಮೆ ಕಟ್ಟಿಸಿ. ಮೇಲಿನದು, ಕೆಳಗಿನದು ಎರಡೂ ಬರೆದು ಕಳಿಸಿ.